ನಲ್ಲಿಯ ಬಿಂಕ

ಶಾರ್ವರಿ ಪಾತ್ರೆಗಳಿಗೆಲ್ಲ ಸೋಪು ಹಚ್ಚಿ ಮುಗಿಸುವಷ್ಟರಲ್ಲಿ ನಲ್ಲಿ ನಿಂತುಹೋಯಿತು. ಊರಿನ ನಲ್ಲಿಗಳೆಲ್ಲ ಹೀಗೇ. ಇಂಗ್ಲಿಷರ ಧಾಟಿಯಲ್ಲಿ, ಕೊನೆಗೆ ದನಿ ಏರಿಸಿ ಕೇಳಿದರಷ್ಟೇ ನೀರು.

"ವಾಟರ್ ಪ್ಲೀಸ್," ಎಂದಳು ಅವಳು. ದನಿ ಕೊನೆಗೆ ಏರುವ ಬದಲು ಇಳಿಯಿತು.

ಇದು ವಿನಂತಿಯಲ್ಲ, ಅಪ್ಪಣೆ ಎಂದು ನಲ್ಲಿ ಮುನಿಸಿಕೊಂಡಿತು.

"ತುಕ್ಕು ಹಿಡಿದ ಮೂತಿಗೆ ಮರ್ಯಾದೆ ಬೇರೆ ಕೇಡು!" ಎಂದು ಶಾರ್ವರಿ ಗೊಣಗಿದಳು. ಮಾತಿನ ಅರ್ಥವಾದರೂ ಇದಕ್ಕೆ ತಿಳಿಯುತ್ತದೆಯೇ? ನಿನ್ನೆ ಪಕ್ಕದ ಮನೆಯ ಕಿಟಕಿಯಲ್ಲಿ ಕೋಗಿಲೆ ಕೂಗಿದ್ದಕ್ಕೆ ಅವರ ನಲ್ಲಿ ಕೊಡ ತುಂಬ ನೀರು ಸುರಿದಿತ್ತು.

ಮಗಳು ಇಂಚರ ಬಾಗಿಲ ಬಳಿ ಸುಮ್ಮನೆ ಕೂತಿದ್ದಳು. ಶಾಲೆಯಲ್ಲಿ ಈ ಧಾಟಿಯನ್ನು ಆಟವಾಡಿಸಿ ಕಲಿಸುತ್ತಾರೆ. ಚೆಂಡು ಮೇಲೆ ಹಾರಿದಂತೆ ದನಿಯೂ ಏರಬೇಕು. ಒಂದು ದಿನ ಇಂಚರಳ ಚೆಂಡು ಹಾರಿತು, ದನಿ ಏರಲಿಲ್ಲ, ತರಗತಿಯೆಲ್ಲ ನಕ್ಕಿತು. ಆಟವಂತೆ ಆಟ! ಅಂದಿನಿಂದ ಮಗು ಬಾಯೇ ಬಿಟ್ಟಿಲ್ಲ, ಹಸಿವಾದರೂ ಕೈಸನ್ನೆ.

ಶಾರ್ವರಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದುಕೊಟ್ಟಳು.

"ಬಾ ಪುಟ್ಟಿ, ಎಸಿ. ಇಲ್ಲಿ ನಗೋರು ಯಾರೂ ಇಲ್ಲ. ಇಂಗ್ಲಿಷೂ ಬೇಡ, ಗಿಂಗ್ಲಿಷೂ ಬೇಡ. ನಿಂಗೆ ಏನು ಕೇಳ್ಬೇಕು ಅನ್ಸುತ್ತೋ ಅದನ್ನೇ ಕೇಳು."

ಮಗು ನಲ್ಲಿಯನ್ನು ದುರುಗುಟ್ಟಿ ನೋಡಿತು. ನಿಂಬೆಹಣ್ಣು ಸೂರಿನತ್ತ ಹಾರಿತು. ಅದರ ಬೆನ್ನಿಗೇ, ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ದನಿ ಕೋಗಿಲೆಯದಕ್ಕಿಂತ ಮೇಲೆ ಏರಿತು:

"ಬಾಯಾರಿದೋರ ಹತ್ರ ರಾಗ ಕೇಳ್ತೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?"