ಸೊನ್ನೆ ಎರರ್

ಮಧ್ಯಾಹ್ನವಾದರೂ ಆಫೀಸಿನ ನೆಟ್‌ವರ್ಕ್ ಪರದೆಯಲ್ಲಿ, ಹೊಸ ಹುಡುಗಿ ತಾನೇ ಕೇಬಲ್ ಎಳೆದು ತನ್ನ ಕಂಪ್ಯೂಟರಿಗೆ ಜೋಡಿಸಿದ್ದ ಪೋರ್ಟಿನಲ್ಲಿ ಎರರ್ ಸೊನ್ನೆಯಲ್ಲೇ ಕೂತಿತ್ತು. ಹಿರಿಯ ಟೆಕ್ನಿಷಿಯನ್ನನ ಪೋರ್ಟಿನಲ್ಲಿ ಏರುತ್ತಲೇ ಇತ್ತು. ಕೇಬಲ್ ನೆಟ್ಟಗೆ ಎಳೆಯದಿದ್ದರೆ ಎರರ್ ಬರುವುದೇ ಹಾಗೆ. "ಕೇಬಲ್ ಎಳೆದ್ರೆ ಅವಳ ಹಾಗೆ ಎಳೀಬೇಕು," ಎಂದು ಮ್ಯಾನೇಜರು ಹೊಗಳಿದಾಗಿನಿಂದ ಅವನಿಗೆ ಹೊಟ್ಟೆಯುರಿ. ಬೆಳಿಗ್ಗೆ ಬಂದವನೇ ಹಳೆಯ ಎಣಿಕೆಗಳನ್ನೆಲ್ಲ ಅಳಿಸಿ, ಅವಳದರಲ್ಲಿ ಒಂದಾದರೂ ಎರರ್ ಬರಲೆಂದು ಪರದೆಯನ್ನೇ ದಿಟ್ಟಿಸುತ್ತಿದ್ದ.

ಆಗ ಪಕ್ಕದ ಅಂಕಿ ಕಣ್ಣಿಗೆ ಬಿತ್ತು. ಟ್ರಾಫಿಕ್ಕೂ ಸೊನ್ನೆ!

"ಸಾರ್, ಬನ್ನಿ ಇಲ್ಲಿ! ಬೆಳಿಗ್ಗೆಯಿಂದ ಅವಳ ಕಂಪ್ಯೂಟರಿಂದ ಏನೂ ಹೋಗೇ ಇಲ್ಲ. ಕೆಲಸಾನೇ ಮಾಡದಿದ್ರೆ ಎರರ್ ಎಲ್ಲಿಂದ ಬರುತ್ತೆ?"

ಮ್ಯಾನೇಜರು ಬಗ್ಗಿ ನೋಡಿ ನಕ್ಕರು. "ಅಯ್ಯೋ, ಆ ಸೀಟು ಖಾಲಿ ಕಣಯ್ಯಾ. ಇವತ್ತಿಂದ ಅವಳು ಮೇಲಿನ ಮಹಡೀಲಿ, ನನ್ನ ಪಕ್ಕದ ರೂಮಲ್ಲಿ. ಇನ್ಮೇಲೆ ನಿನ್ನ ರಿಪೋರ್ಟ್ ನೋಡೋದೂ ಅವಳೇ."