ಗೋಡೆಗುಂಟ ಹಾಕಿದ ಪೈಪು

ಹುಮನಾಬಾದಿನ ಹಂದಿ ಶೆಡ್ಡಿನಲ್ಲಿ ಗೋಡೆಗುಂಟ ಗೇಣೆತ್ತರಕ್ಕೆ ಹಾಕಿದ ಕಬ್ಬಿಣದ ಪೈಪು ಕಂಡೆ. ತಾಯಿಹಂದಿ ಮಲಗುವಾಗ ಮರಿಗಳು ಪೈಪಿನ ಸಂದಿಗೆ ನುಸುಳಿ ಜೀವ ಉಳಿಸಿಕೊಳ್ಳುತ್ತವಂತೆ.

ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದ ನಮ್ಮ ಹಿತ್ತಲಲ್ಲಿ ಅಂಥದ್ದಿರಲಿಲ್ಲ. ಒಂದು ಮಧ್ಯಾಹ್ನ ಹೆಣ್ಣುಹಂದಿ ಹೊರಳಿದಾಗ ಎರಡು ದಿನದ ಮರಿ ಅಡಿಗೆ ಸಿಕ್ಕಿ ಸತ್ತಿತು. ಮೈ ಇನ್ನೂ ಬೆಚ್ಚಗಿತ್ತು. ನಾನು ಸಿಟ್ಟಿನಿಂದ ಕೋಲೆತ್ತಿದೆ.

ಅಜ್ಜಿ ನನ್ನ ಕೈ ಹಿಡಿದಳು. "ಹೊಡೀಬ್ಯಾಡವ್ವ. ದಣದು ಮಲಗ್ಯಾದ, ಅದಕ್ಕೇನ್ ಗೊತ್ತಾಗ್ತದ?"

ನಮ್ಮ ಹಿಂದೆ ಅವ್ವ ಮುಸುರೆಯ ಬಕೆಟ್ ಹಿಡಿದು ನಿಂತಿದ್ದಳು. ಹಸುಗೂಸಾಗಿದ್ದ ನನ್ನ ತಮ್ಮ, ಅವಳು ನಿದ್ದೆಯಲ್ಲಿದ್ದಾಗ ಅವಳ ಮಗ್ಗುಲಡಿ ಸಿಕ್ಕಿ ಉಸಿರುಕಟ್ಟಿ ಸತ್ತು ಎರಡು ತಿಂಗಳಾಗಿತ್ತು. ಅಂದಿನಿಂದ ಅಜ್ಜಿ ಅವಳೊಡನೆ ಮಾತು ಬಿಟ್ಟಿದ್ದಳು.

ಅವ್ವ ಬಕೆಟ್ ಕೆಳಗಿಟ್ಟಳು. "ಅತ್ತಿ, ಅದೇ ಮಾತು ನನಗೂ ಒಮ್ಮಿ ಅನ್ರಿ."

ಅಜ್ಜಿ ಮರಿಯನ್ನು ಗೋಣಿಚೀಲದಲ್ಲಿ ಸುತ್ತುತ್ತಲೇ ಇದ್ದಳು.