ಅಕ್ಕ ಬರ್ತೀನಿ ಅಂದಳು

"ಇನ್ನೊಂದು ರೂಮು ಬೇಕಮ್ಮಾ. ಮೆಟ್ಟಿಲು ಹತ್ತೋ ಹಾಗಿರಬಾರದು. ನಮ್ಮಕ್ಕ ಬರ್ತಾ ಇದಾಳೆ!"

ತೂಕದ ಯಂತ್ರ ರಿಪೇರಿಯವನು ಲಾಡ್ಜಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಟ್ಟು, ಮೊಬೈಲನ್ನು ಯಜಮಾನಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ತೆರೆಯ ಮೇಲೆ ಎರಡೇ ಪದ: 'ಬರ್ತೀನಿ ಪುಟ್ಟಾ.' ಯಜಮಾನಿ ಅದನ್ನು ಓದಿ, ಅವನ ಬೋಳುತಲೆಯನ್ನೊಮ್ಮೆ ನೋಡಿದಳು.

"ಪುಟ್ಟ ಅಂದ್ರೆ ತಾವೇನಾ?"

"ನಾನೇ. ಅವಳ ಕಣ್ಣಿಗೆ ನಾನಿನ್ನೂ ಚಡ್ಡಿ ಹಾಕ್ಕೊಂಡೇ ಇದೀನಿ," ಎಂದು ನಕ್ಕ.

ನಗದೆ ಏನು ಮಾಡ್ಯಾನು? ವರ್ಷದಿಂದ ಅಕ್ಕ ಹಾಸಿಗೆ ಹಿಡಿದಿದ್ದಳು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಹೋದ ವಾರ ಭಾವ 'ಡಾಕ್ಟ್ರು ಮನೆಗೆ ಕಳಿಸಿದರು' ಎಂದು ಮೆಸೇಜು ಹಾಕಿದ್ದರು. ಕಳಿಸಿದರು ಅಂದರೆ ವಾಸಿಯಾಯಿತು ಅಂತಲೇ ತಾನೇ! ಇವನು ಚಪ್ಪಾಳೆ ತಟ್ಟುವ, ಕುಣಿಯುವ ಬೊಂಬೆಗಳನ್ನೆಲ್ಲ ಸಾಲಾಗಿ ಕಳಿಸಿದ್ದ. ಭಾವ ಅದಕ್ಕೆ ಏನೂ ಬರೆಯಲಿಲ್ಲ. ಭಾವ ಮೊದಲಿಂದಲೂ ಮಾತು ಕಮ್ಮಿ. ಅಕ್ಕನಂತೂ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ವಿಡಿಯೊ ಅಂದರೆ ಸಿಡುಕುತ್ತಿದ್ದಳು. 'ಕೂದಲಿಲ್ಲದ ಈ ಮುಖದಲ್ಲಿ ನೋಡೋಕೇನಿದೆ? ಏನಿದ್ರೂ ಬರೆದು ಕಳಿಸು' ಅನ್ನುವುದು ಅವಳ ಕಟ್ಟಪ್ಪಣೆ.

ಬರೆಯುವುದು ಇವನಿಗೇನು ಕಷ್ಟವಲ್ಲ. ಊರೂರು ಸುತ್ತುವ ಬದುಕು, ಬ್ಯಾಗಿನಲ್ಲಿ ಎರಡು ಷರ್ಟು, ನಾಲ್ಕು ಚಾರ್ಜರು. ಹೊಸ ಊರಿಗೆ ಇಳಿದರೆ ನೀರಿಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳುವ ಜಾತಿ. ಒಂದೊಂದು ಸೈಟೂ 'ನಾನು ರೋಬೋಟ್ ಅಲ್ಲ' ಎಂದು ದಿನಬೆಳಗಾದರೆ ಆಣೆ ಹಾಕಿಸುತ್ತದೆ ಎಂದು ಗೊಣಗಿದರೂ, ಒಳಗೊಳಗೇ ಅವನಿಗೆ ಈ ಕಾಲದ ಮೇಲೆ ಪ್ರೀತಿ. ಅಕ್ಕ ಎಲ್ಲೋ, ತಾನೆಲ್ಲೋ, ಆದರೂ ಅವಳು ಒತ್ತಿದ ಅಕ್ಷರ ಆ ಕ್ಷಣಕ್ಕೇ ತನ್ನ ಜೇಬಿನಲ್ಲಿ ಗುಂಯ್ ಅನ್ನುತ್ತದಲ್ಲ! ಇನ್ನೇನು ಬೇಕು ಮನುಷ್ಯನಿಗೆ?

"ಈ ರೂಮು ಆಗ್ಬಹುದಾ? ಕಿಟಕಿ ತೆಗೆದ್ರೆ ಸಮುದ್ರ," ಎಂದಳು ಯಜಮಾನಿ, ಮೇಜಿನ ಪಕ್ಕದ ಬಾಗಿಲು ತಳ್ಳಿ.

"ಅಯ್ಯೋ, ಇದೇ ಸರಿ! ಅವಳು ಸಮುದ್ರ ನೋಡೇ ಇಲ್ಲ." ಅಲ್ಲೇ ನಿಂತು ಟಪಟಪ ಒತ್ತಿದ: 'ಬಾ ಬಾ! ರೂಮ್ ಹಿಡಿದಿದ್ದೀನಿ. ಕಿಟಕಿ ತೆಗೆದರೆ ಸಮುದ್ರ. ಬೇಗ ಹೊರಡು.' ಕಳಿಸಿಯೂ ಆಯಿತು. ಲ್ಯಾಪ್‌ಟಾಪಿನಲ್ಲಿ ರೈಲಿನ ಟಿಕೆಟ್ ಸೈಟು ಗಿರ್ರನೆ ಸುತ್ತುತ್ತಿತ್ತು. ಅದು ಸುತ್ತಿ ಮುಗಿಯುವ ಹೊತ್ತಿಗೆ ಗೋದಾಮಿಗೆ ಹೋಗಿ ಒಂದು ಯಂತ್ರ ನೋಡಿ ಬರಬಹುದು ಅನ್ನಿಸಿತು. ಬ್ಯಾಗು ಹೆಗಲಿಗೇರಿಸಿದ.

"ಸರಿಯಮ್ಮಾ, ಬರ್ತೀನಿ."

"ಹೂಂ, ಹೋಗಿ ಬನ್ನಿ," ಎಂದಳು ಯಜಮಾನಿ, ಬೀಗದ ಕೈ ಹುಡುಕುತ್ತ.

ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ತಾನೇ ಆಡಿದ ಮಾತು ತನ್ನ ಕಿವಿಗೇ ಬಿದ್ದಿತ್ತು. ಬರ್ತೀನಿ. ಹೊರಟವರು ಯಾರು ತಾನೆ ಹೋಗ್ತೀನಿ ಅನ್ನುತ್ತಾರೆ? ಚಿಕ್ಕವನಿದ್ದಾಗ ಸ್ಕೂಲಿಗೆ ಹೊರಟು, ಬಾಯಿ ತಪ್ಪಿ 'ಹೋಗ್ತೀನಿ' ಅಂದಾಗ ತಲೆಗೆ ಮೊಟಕಿದವಳೇ ಅಕ್ಕ. 'ಬಿಡ್ತು ಅನ್ನು! ಹೋಗ್ತೀನಿ ಅನ್ನಬಾರದು ಕಣೋ, ಬರ್ತೀನಿ ಅನ್ನಬೇಕು.'

ಹಾಗಾದರೆ ಅಕ್ಕ ಬರ್ತೀನಿ ಅಂದದ್ದು... ಬಾಯಲ್ಲಿ ಹೇಳಿದ್ದರೆ ಅರ್ಧ ಉಸಿರಿಗೇ ತಿಳಿಯುತ್ತಿತ್ತು. ಈ ಹಾಳು ಅಕ್ಷರಕ್ಕೆ ದನಿ ಎಲ್ಲಿಂದ ಬರಬೇಕು? ಮೊಬೈಲು ತೆಗೆದು ತಾನು ಬರೆದದ್ದನ್ನು ಓದಿಕೊಂಡ. 'ಬೇಗ ಹೊರಡು.' ಒಡಹುಟ್ಟಿದವಳಿಗೆ ಹೇಳುವ ಮಾತೇ ಇದು! ಅಳಿಸಲು ಹೋದ. ಅಷ್ಟರಲ್ಲಿ ಎರಡು ಟಿಕ್ಕೂ ನೀಲಿಯಾಗಿದ್ದವು, ಅಲ್ಲಿ ಓದಿಯಾಗಿತ್ತು. ಅಳಿಸಿ ಏನು ಬಂತು? ಭಾವನಿಗೆ ಫೋನು ಹಚ್ಚಿದ.

"ಭಾವ, ಅಕ್ಕ... ಅಕ್ಕ ಹೇಗಿದಾಳೆ?"

"ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೇಲೇ ಇಟ್ಕೊಳ್ಳಿ ಅಂದ್ರಲ್ಲೋ ಡಾಕ್ಟ್ರು," ಎಂದರು ಭಾವ ಮೆಲ್ಲಗೆ. "ನೀನು ನೋಡಿದ್ರೆ ಚಪ್ಪಾಳೆ ಕಳಿಸ್ದೆ. ಬಿಡಿಸಿ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಬೆಳಿಗ್ಗೆ ಅವಳೇ ಫೋನ್ ಇಸ್ಕೊಂಡು ಒಂದೊಂದೇ ಅಕ್ಷರ ಒತ್ತಿದ್ಲು. ನನ್ನ ಕೈಲಿ ಬರೆಸ್ಲಿಲ್ಲ."

"ನಾನು ಪಾಪಿ ಭಾವ. ಬೇರೆ ಏನೋ ತಿಳ್ಕೊಂಡು ಏನೋ ಬರೆದುಬಿಟ್ಟೆ. ಅವಳಿಗೆ ತೋರಿಸ್ಬೇಡಿ. ನೋಡ್ಬಿಟ್ಲಾ?"

"ನಾನೇ ಓದಿ ಹೇಳ್ದೆ. ಸಮುದ್ರ ಅಂದದ್ದೇ ತಡ, ಕಣ್ಣು ಬಿಟ್ಲು."

"ಅಯ್ಯೋ..."

"ಮಗ್ಗುಲು ಹೊರಳೋಕೂ ಆಗ್ತಿರ್ಲಿಲ್ಲ ಕಣೋ ಅವಳ ಕೈಲಿ. ಈಗ ಗೋಡೆ ಹಿಡ್ಕೊಂಡು ಎದ್ದು ಕೂತಿದಾಳೆ. ತಮ್ಮ ಕರೀತಿದಾನೆ, ನನ್ನ ಚಪ್ಪಲಿ ಎಲ್ಲಿ ಅಂತ ಕೇಳ್ತಾ ಇದಾಳೆ. ಏನು ಮಾಡ್ಲೋ? ಕೊಡ್ಲಾ?"